ಸಹಾಯ ಬೇಕು: ಬ್ಯಾಲೆನ್ಸ್ ಅಭ್ಯಾಸ ಸ್ಪ್ಲಿಂಟ್ ಹಾಕಿ ಮಾಡಿಸಬೇಕಾ, ಬರಿಗಾಲಲ್ಲಾ?

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 4 ವರ್ಷ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಯ ಚಲನೆ, ಬ್ಯಾಲೆನ್ಸ್‌ಗೆ ತೊಡಕಾಗುವ ಸ್ಥಿತಿ) ಇದೆ, ಅದರಲ್ಲಿ ಸ್ಪಾಸ್ಟಿಕ್ ಡೈಪ್ಲೀಜಿಯಾ ಅನ್ನುವ ಬಗೆ. ಕೈಗಿಂತ ಕಾಲಲ್ಲೇ ಬಿಗಿತ ಜಾಸ್ತಿ. ಗೋಡೆ ಹಿಡಿದು ನಿಲ್ಲುತ್ತಾಳೆ. ಕೈ ಬಿಟ್ಟರೆ ಹಿಮ್ಮಡಿ ಮೇಲೇಳುತ್ತದೆ, ಮೊಣಕಾಲು ಒಂದಕ್ಕೊಂದು ತಾಗಿ ಮುಂದಕ್ಕೆ ವಾಲುತ್ತಾಳೆ.

ವಾರಕ್ಕೆ 2 ಸಲ ಫಿಸಿಯೋಥೆರಪಿ. ಮನೆಯಲ್ಲಿ ದಿನಾ ಅರ್ಧ ಗಂಟೆ ನಾನೇ ಮಾಡಿಸುತ್ತೇನೆ. ದೊಡ್ಡ ಚೆಂಡಿನ ಮೇಲೆ ಕೂರಿಸಿ, ಸೊಂಟ ಹಿಡಿದು ಮೆಲ್ಲಗೆ ಅತ್ತಿತ್ತ ವಾಲಿಸುವುದು, ಸ್ಟೂಲಿನಿಂದ ಎದ್ದು ನಿಲ್ಲಿಸುವುದು, ಕಿಟಕಿ ಕಟ್ಟೆ ಮೇಲೆ ಬಳೆ ಇಟ್ಟು ಕೈ ಚಾಚಿಸುವುದು. ಬಳೆ ಅಂದ್ರೆ ಅವಳಿಗೆ ಪ್ರಾಣ. ಹೋದ ವಾರ 5 ಎಣಿಸುವಷ್ಟು ಹೊತ್ತು ಒಬ್ಬಳೇ ನಿಂತಳು. ನನಗೆ ಕಣ್ಣೀರೇ ಬಂತು.

ಗೊಂದಲ ಇಷ್ಟೇ. ಪಾದ ನೇರ ಇರಲಿ ಅಂತ ಕಣಕಾಲು, ಪಾದ ಹಿಡಿದಿಡುವ ಗಟ್ಟಿ ಪಟ್ಟಿ, ಅಂದರೆ ಎಎಫ್‌ಓ ಸ್ಪ್ಲಿಂಟ್ ಕೊಟ್ಟಿದ್ದಾರೆ. ಹಾಕಿದರೆ ಹಿಮ್ಮಡಿ ನೆಲಕ್ಕೆ ಊರುತ್ತದೆ, ಆದರೆ ಪಾದ ಬಾಗದೆ ಕೊರಡಿನ ಹಾಗೆ ಬೀಳುತ್ತಾಳೆ. ಬರಿಗಾಲಲ್ಲಿ ಬೆರಳು ಊರಿ ಸಾವರಿಸಿಕೊಳ್ಳುತ್ತಾಳೆ, ಆದರೆ ತುದಿಗಾಲಲ್ಲೇ ನಿಲ್ಲುತ್ತಾಳೆ. ಮೊದಲಿನ ಥೆರಪಿಸ್ಟ್ ಹಾಕಿಯೇ ಮಾಡಿಸಿ ಅಂದಿದ್ದರು, ಈಗಿನವರು ಬಿಚ್ಚಿ ಮಾಡಿಸಿ ಅಂತಾರೆ. ಮೂಳೆ ಡಾಕ್ಟರ್ ಸಿಗುವುದು ಮುಂದಿನ ತಿಂಗಳು.

ಇಂಥ ಮಗು ಇರುವ ಅಪ್ಪ-ಅಮ್ಮಂದಿರೇ, ಫಿಸಿಯೋಥೆರಪಿಸ್ಟ್‌ಗಳೇ, ನಿಂತು ಮಾಡುವ ಅಭ್ಯಾಸವನ್ನು ನೀವು ಎಎಫ್‌ಓ ಹಾಕಿ ಮಾಡಿಸಿದಿರಾ, ಬಿಚ್ಚಿ ಮಾಡಿಸಿದಿರಾ? ಎರಡೂ ಆದರೆ ಯಾವುದಕ್ಕೆ ಎಷ್ಟು ಹೊತ್ತು?