ಪ್ಲಗ್ ಗ್ಯಾಪ್ ಪುರಾಣ

ಭಾನುವಾರ ನಮ್ಮ ಮನೆಯವರ ಗುಂಪಿನಲ್ಲಿ ನಡೆದದ್ದು ಇದು. ಸ್ಟಿಕ್ಕರ್‌ಗಳನ್ನು ಬಿಟ್ಟಿದ್ದೇನೆ.

ಬೆಳಗ್ಗೆ 7:10

ಹಾಸನದ ಚಿಕ್ಕಪ್ಪ: ಮೆಕ್ಯಾನಿಕ್‌ಗಳು ಮುಚ್ಚಿಡುವ ಗುಟ್ಟು!! ಸ್ಪಾರ್ಕ್ ಪ್ಲಗ್ ಗ್ಯಾಪ್ (ಕಿಡಿ ಹಾರುವ ಸಂದು) 1.3 ಎಂಎಂ ಮಾಡಿಸಿ. ಕಿಡಿ ದೊಡ್ಡದು, ಮೈಲೇಜ್ ಡಬಲ್. 10 ಜನರಿಗೆ ಕಳಿಸಿ.

ದೊಡ್ಡಪ್ಪ: 🙏 ಉಪಯುಕ್ತ. ಈಗಿನ ಹುಡುಗರು ಬಾನೆಟ್ ಎತ್ತುವುದನ್ನೇ ಮರೆತಿದ್ದಾರೆ.

ಭಾವ: ಯಾರು ಹೇಳಿದ್ದು? ಯಾವ ಗಾಡಿಗೆ? ಆಧಾರ?

ಚಿಕ್ಕಪ್ಪ: ನನ್ನ ಗಾಡಿ ಧರ್ಮಸ್ಥಳಕ್ಕೆ ಒಯ್ದು ಖಾಲಿ ಟ್ಯಾಂಕ್‌ನಲ್ಲಿ ತಂದು ನಿಲ್ಲಿಸಿದಿರಿ. ಆಗ ನಾನು ಆಧಾರ ಕೇಳಿದೆನಾ?

ಅತ್ತೆ: ಅಳಿಯಂದಿರು ಮದುವೆ ಮಂಟಪದಲ್ಲಿ ಪುರೋಹಿತರನ್ನೂ ಹೀಗೇ ಕೇಳಿದ್ದರು 😂

ಭಾವ: ಗ್ಯಾಪ್ ಜಾಸ್ತಿಯಾದಷ್ಟೂ ಕಿಡಿ ಹಾರಲು ವೋಲ್ಟೇಜ್ ಜಾಸ್ತಿ ಬೇಕು. ಸಪಾಟು ರಸ್ತೆಯಲ್ಲಿ ಗೊತ್ತಾಗಲ್ಲ. ಏರಿನಲ್ಲಿ ಆಕ್ಸಿಲರೇಟರ್ ತುಳಿದಾಗ ಸಿಲಿಂಡರ್ ಒಳಗೆ ಒತ್ತಡ ಏರುತ್ತದೆ, ಕಿಡಿ ತಪ್ಪುತ್ತದೆ. ನಿಮ್ಮ ಕಾರ್ಬುರೇಟರ್ ಮಾರುತಿ 800ಗೆ 0.7ರಿಂದ 0.8 ಎಂಎಂ ಸಾಕು.

(ಇದನ್ನು ಓದಿದವನು ನಾನೊಬ್ಬನೇ ಇರಬೇಕು.)

ಗುಂಡ: ತಾತನ ಪದ್ಮಿನಿ ಕಾರು ನೆನಪಿದೆಯಾ? ನಾಲ್ಕೂ ಪ್ಲಗ್ ಬಿಚ್ಚಿ, ಉಪ್ಪು ಕಾಗದದಲ್ಲಿ ಉಜ್ಜಿ, ಹ್ಯಾಕ್ಸಾ ಬ್ಲೇಡ್ ತೂರಿಸಿ ಗ್ಯಾಪ್ ನೋಡುತ್ತಿದ್ದರು. ಮೈಕೋ ಕಂಪನಿಯ ಪ್ಲಗ್ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. 2008ರಲ್ಲಿ ಮೈಕೋ ಹೆಸರು ಬಾಷ್ ಆಯಿತು. ತಾತ ಇದ್ದಿದ್ದರೆ ಒಪ್ಪುತ್ತಿದ್ದರಾ!

ಅತ್ತೆ: ಆ ಪದ್ಮಿನಿ ಮಾರಿದ ದುಡ್ಡು ಯಾರ ಮನೆಗೆ ಹೋಯಿತು? ಅದನ್ನೂ ನೆನಪು ಮಾಡಿಕೋ.

ದೊಡ್ಡಪ್ಪ: ಹಿರಿಯರ ವಿಷಯ ಗುಂಪಿನಲ್ಲಿ ಬೇಡ.

ನಾನು: ಭಾವ, ನನ್ನದು ಇರಿಡಿಯಂ ಪ್ಲಗ್. ಗ್ಯಾಪ್ ಬಗ್ಗಿಸಬೇಕಾ?

ಭಾವ: ಸುಮ್ನೆ ಕೈ ಹಾಕಬೇಡ. ನಡುವಿನ ತುದಿ ಸೂಜಿಯ ಹಾಗಿರುತ್ತದೆ, ಒತ್ತಿದರೆ ಮುರಿಯುತ್ತದೆ. ನೀನು ಹೀಟ್ ರೇಂಜ್ ನೋಡು, ಅಂದರೆ ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಅನ್ನೋದು. ಎನ್‌ಜಿಕೆ ಕಂಪನಿಯದರಲ್ಲಿ ನಂಬರ್ ಏರಿದಷ್ಟೂ ಪ್ಲಗ್ ತಂಪು. ಬಾಷ್‌ನಲ್ಲಿ ಉಲ್ಟಾ. ನಂಬರ್ ನೋಡಿ ಅಂದಾಜಿನಲ್ಲಿ ತಂದರೆ ಕೆಟ್ಟೆ.

ದೊಡ್ಡಪ್ಪ: ಅತಿಯಾದರೆ ಅಮೃತವೂ ವಿಷ.

ಭಾವ: ನೀವೇ ಉಪಯುಕ್ತ ಅಂದಿರಿ, ಅಲ್ವಾ?

ದೊಡ್ಡಪ್ಪ: ಹಿರಿಯರಿಗೆ ಎದುರು ಮಾತು!

11:42

ಚಿಕ್ಕಪ್ಪ: ಒಂದು ವೇಳೆ 1.3 ಮಾಡಿಸಿದ್ದರೆ ವಾಪಸ್ 0.8 ಮಾಡುವುದು ಹೇಗೆ?

ಭಾವ: ಮೊದಲು ಇಂಜಿನ್ ಆರಲಿ. ಪಕ್ಕದ ಎಲೆಕ್ಟ್ರೋಡ್ (ಬಾಗಿದ ಕಡ್ಡಿ) ಮಾತ್ರ ಮೆಲ್ಲಗೆ ತಟ್ಟಿ. ಮಧ್ಯದ್ದು ಮುಟ್ಟಬೇಡಿ. ಯಾಕೆ, ಮಾಡಿಸಿದ್ದೀರಾ?

ಚಿಕ್ಕಪ್ಪ: ನಿನ್ನೆ. ಈಗ ಗುಂಡ್ಯದ ಹೋಟೆಲ್ ಮುಂದೆ ನಿಂತಿದ್ದೇನೆ. ಘಾಟಿ ಹತ್ತುತ್ತಿಲ್ಲ. ಬರೀ ಜರ್ಕ್.

ಗುಂಡ: ಹೋಟೆಲಿನಲ್ಲಿ ಹ್ಯಾಕ್ಸಾ ಬ್ಲೇಡ್ ಇದೆಯಾ ಕೇಳಿ.

ಭಾವ: ಟ್ಯಾಂಕ್ ತುಂಬಿದೆ ತಾನೆ?