ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ‘ಚಾಲೆಂಜ್ ವೋಟ್’ ಹಾಕಬಹುದು ಅಂತ ಮೇಲ್ ಬಂದಿದೆ, ನಿಜವಾ?

ಪ್ರಶ್ನೆ (ದಾವಣಗೆರೆಯಿಂದ):
ನಮ್ಮ ದೊಡ್ಡಪ್ಪ ಮನೆಯವರಿಗೆಲ್ಲ ಒಂದು ಮೇಲ್ ಕಳಿಸಿದ್ದಾರೆ. ಇದೇ ಮಾತು 2019ರಿಂದ ವಾಟ್ಸಾಪ್‌ನಲ್ಲೂ ಓಡಾಡುತ್ತಿದೆ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ, ಸೆಕ್ಷನ್ 49ಎ ಪ್ರಕಾರ ‘ಚಾಲೆಂಜ್ ವೋಟ್’ ಕೇಳಬೇಕಂತೆ. ನಮ್ಮ ಮತ ಬೇರೆ ಯಾರೋ ಹಾಕಿದ್ದರೆ ‘ಟೆಂಡರ್ ವೋಟ್’ ಕೇಳಬೇಕಂತೆ. ಟೆಂಡರ್ ವೋಟ್ 14% ದಾಟಿದರೆ ಆ ಬೂತಿನಲ್ಲಿ ಮರುಮತದಾನವಂತೆ. ಕೊನೆಗೆ ‘ಎಲ್ಲರಿಗೂ ಕಳಿಸಿ’ ಅಂತಿದೆ. ದೊಡ್ಡಪ್ಪನಿಗೆ 74 ವರ್ಷ. ನನ್ನನ್ನು ಓದಿಸಿದವರು ಅವರೇ. ಇದು ಸುಳ್ಳಾದರೆ ಅವರಿಗೆ ಹೇಗೆ ಹೇಳಲಿ?

ಉತ್ತರ (ನಿವೃತ್ತ ಹೈಸ್ಕೂಲ್ ಮೇಷ್ಟ್ರು):
ತಂಗಿ, ನಾನು ಐದು ಚುನಾವಣೆಗಳಲ್ಲಿ ಪಿಆರ್‌ಒ, ಅಂದರೆ ಬೂತಿನ ಮುಖ್ಯ ಅಧಿಕಾರಿ ಆಗಿದ್ದವನು. ಹಿಂದಿನ ದಿನ ಮಸ್ಟರಿಂಗ್‌ನಲ್ಲಿ (ಸಿಬ್ಬಂದಿಗೆ ಮತಯಂತ್ರ, ಸಾಮಾನು ಹಂಚುವ ಕಡೆ) ಸಾಮಾನು ಎಣಿಸಿಕೊಂಡು, ರಾತ್ರಿ ಶಾಲೆಯಲ್ಲೇ ಮಲಗಿ, ಬೆಳಿಗ್ಗೆ ಅಣಕು ಮತದಾನ ಮಾಡಿಸಿದವನು. ಆ ಮೇಲ್‌ನಲ್ಲಿರುವ ಪದಗಳು ನಿಜ, ಹೇಳಿರುವ ವಿಷಯ ತಪ್ಪು. ಅದಕ್ಕೇ ಜನ ನಂಬುತ್ತಾರೆ.

ಚಾಲೆಂಜ್ ಮಾಡುವವರು ಮತದಾರರಲ್ಲ, ಬೂತಿನಲ್ಲಿ ಕೂತ ಅಭ್ಯರ್ಥಿಗಳ ಏಜೆಂಟರು. ‘ಮತ ಹಾಕಲು ಬಂದವರು ಪಟ್ಟಿಯಲ್ಲಿ ಹೆಸರಿರುವ ಆ ವ್ಯಕ್ತಿಯಲ್ಲ’ ಎಂದು ಅವರಲ್ಲಿ ಯಾರಿಗಾದರೂ ಅನುಮಾನ ಬಂದರೆ 2 ರೂಪಾಯಿ ಕಟ್ಟಿ ತಕರಾರು ಹೇಳುತ್ತಾರೆ. ಪಿಆರ್‌ಒ ವಿಚಾರಿಸಿ ತೀರ್ಮಾನ ಮಾಡುತ್ತಾರೆ. ಪಟ್ಟಿಯಲ್ಲಿ ಹೆಸರೇ ಇಲ್ಲದವರಿಗೆ ಇದರಿಂದ ಏನೂ ಸಿಗುವುದಿಲ್ಲ. ಆಧಾರ್ ಗುರುತಿನ ದಾಖಲೆ ಅಷ್ಟೇ.

ಟೆಂಡರ್ ವೋಟ್ ಇದೆ. ನಿಮ್ಮ ಹೆಸರಲ್ಲಿ ಆಗಲೇ ಯಾರೋ ಮತ ಹಾಕಿದ್ದರೆ, ನೀವು ನೀವೇ ಎಂದು ಖಾತ್ರಿಯಾದ ಮೇಲೆ ಕಾಗದದ ಮತಪತ್ರ ಕೊಡುತ್ತಾರೆ. ಯಂತ್ರದ ಗುಂಡಿ ಒತ್ತುವ ಹಾಗಿಲ್ಲ. ಆ ಮತಪತ್ರವನ್ನು ಬೇರೆ ಲಕೋಟೆಯಲ್ಲಿ ಇಡುತ್ತೇವೆ, ಮಾಮೂಲಿ ಎಣಿಕೆಗೆ ಬರುವುದಿಲ್ಲ. ಆ 14%ರ ಮಾತು ಯಾವ ನಿಯಮದಲ್ಲೂ ಇಲ್ಲ. ಇನ್ನು 49ಎ. ಅದು 1961ರ ಚುನಾವಣಾ ನಿಯಮಗಳಲ್ಲಿದೆ, ಮತಯಂತ್ರ ಹೇಗಿರಬೇಕು ಅಂತ ಹೇಳುತ್ತದೆ. ತೆಗೆದು ಓದಿದರೆ ಎರಡು ನಿಮಿಷದ ಕೆಲಸ.

2023ರ ಮೇ 10ರಂದು ನನ್ನ ಬೂತಿಗೆ ಒಬ್ಬ ಹುಡುಗಿ ಬಂದಳು. ಮದುವೆಯಾಗಿ ಆ ಊರಿಗೆ ಬಂದು ವರ್ಷವಾಗಿತ್ತು. ಹೆಸರು ಇನ್ನೂ ತವರೂರಿನ ಪಟ್ಟಿಯಲ್ಲೇ ಇತ್ತು. ಮೊಬೈಲ್ ಚಾಚಿ ಇದೇ ಮೆಸೇಜ್ ತೋರಿಸಿ ‘ಸರ್, ಚಾಲೆಂಜ್ ವೋಟ್ ಕೊಡಿ’ ಅಂದಳು. ಆಗ ಸಂಜೆ ಐದೂಕಾಲು. ತವರು 40 ಕಿಲೋಮೀಟರ್ ದೂರ. ಬೆಳಿಗ್ಗೆಯೇ ಗೊತ್ತಿದ್ದರೆ ಬಸ್ ಹತ್ತಿ ಹೋಗಿ ಮತ ಹಾಕಿ ಬರುತ್ತಿದ್ದಳು. ಮೊದಲೇ ಫಾರ್ಮ್ 8 ಕೊಟ್ಟಿದ್ದರೆ ಹೆಸರು ಈ ಊರಿಗೇ ಬರುತ್ತಿತ್ತು. ಮೆಸೇಜ್ ಇದೆಯಲ್ಲ ಎಂಬ ಧೈರ್ಯಕ್ಕೆ ಎರಡನ್ನೂ ಮಾಡಿರಲಿಲ್ಲ. ಅವಳು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದು ನನಗೆ ಈಗಲೂ ನೆನಪಿದೆ.

ದೊಡ್ಡಪ್ಪನಿಗೆ ಎಲ್ಲರ ಮುಂದೆ ಹೇಳಬೇಡಮ್ಮ. ಮನೆಗೆ ಹೋಗಿ, ಪಕ್ಕದಲ್ಲಿ ಕೂತು ಆ ನಿಯಮ ತೋರಿಸು. ಓದಿಸಿದವರು ಓದಿ ಒಪ್ಪುತ್ತಾರೆ.

ಉತ್ತರ (ಅಮೆರಿಕದಿಂದ):
2019ರಲ್ಲಿ ನಮಗೂ ಒಂದು ಬಂದಿತ್ತು: ಭಾರತದ ಪಾಸ್‌ಪೋರ್ಟ್ ಇದ್ದವರು ಆನ್‌ಲೈನ್‌ನಲ್ಲೇ ಮತ ಹಾಕಬಹುದು ಅಂತ. ಚುನಾವಣಾ ಆಯೋಗವೇ ಅದು ಸುಳ್ಳು ಎಂದಿತು. ನಾವು ಫಾರ್ಮ್ 6ಎ ತುಂಬಿ ಹೆಸರು ಸೇರಿಸಬೇಕು, ಪಾಸ್‌ಪೋರ್ಟ್ ಹಿಡಿದು ಊರಿನ ಬೂತಿಗೇ ಬರಬೇಕು.

ಉತ್ತರ (ಹುಬ್ಬಳ್ಳಿಯಿಂದ):
ನಾನೂ ಇದನ್ನು ಕಳಿಸಿದ್ದೆ ಮೇಷ್ಟ್ರೇ. ಜನ ಮತ ಹಾಕಲಿ ಅನ್ನೋ ಉದ್ದೇಶ ಒಳ್ಳೆಯದೇ ಅಲ್ವಾ? ಒಂದು ಮೆಸೇಜಿನಿಂದ ಅಷ್ಟೇನು ಆಗುತ್ತದೆ?

ಉತ್ತರ (ನಿವೃತ್ತ ಮೇಷ್ಟ್ರು):
ಉದ್ದೇಶ ಒಳ್ಳೆಯದೇ, ಒಪ್ಪುತ್ತೇನೆ. ಆದರೆ 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿಯವರು ಧ್ರುವನಾರಾಯಣ ಅವರ ಎದುರು ಸೋತಿದ್ದು ಒಂದೇ ಒಂದು ಮತದಿಂದ. 2023ರಲ್ಲಿ ಜಯನಗರದ ಅಂತರ 16 ಮತ. ನನ್ನ ಬೂತಿನ ಬಾಗಿಲಿಂದ ವಾಪಸ್ ಹೋದ ಹುಡುಗಿಯದ್ದೂ ಒಂದು ಮತ. ಕಳಿಸಿದವರಿಗೆಲ್ಲ ಇವತ್ತೇ ‘ಅದು ತಪ್ಪು, 1950ಕ್ಕೆ ಫೋನ್ ಮಾಡಿ ನಿಮ್ಮ ಹೆಸರು ಇದೆಯಾ ಕೇಳಿ’ ಅಂತ ಬರೆಯಿರಿ. ನಾಮಪತ್ರದ ಕೊನೆಯ ದಿನ ಮುಗಿದ ಮೇಲೆ ಆ ಚುನಾವಣೆಗೆ ಹೆಸರು ಸೇರಿಸಲು ಆಗುವುದಿಲ್ಲ.

ಪ್ರಶ್ನೆ ಕೇಳಿದವರು:
ನಿನ್ನೆ ಸಂಜೆ ಹೋಗಿದ್ದೆ ಸರ್. ದೊಡ್ಡಪ್ಪ ಕನ್ನಡಕ ಹಾಕಿಕೊಂಡು 49ಎ ಎರಡು ಸಲ ಓದಿದರು. ಆಮೇಲೆ ಸುಮ್ಮನೆ ಕೂತಿದ್ದರು. ರಾತ್ರಿ ಹತ್ತಕ್ಕೆ ಎಲ್ಲರಿಗೂ ಅವರೇ ತಿದ್ದುಪಡಿ ಮೇಲ್ ಕಳಿಸಿದ್ದಾರೆ. ಅದನ್ನು ಓದಿ ಅಕ್ಕ ಪಟ್ಟಿ ನೋಡಿದರೆ, 18 ತುಂಬಿದ ಅವಳ ಮಗನ ಹೆಸರೇ ಇಲ್ಲ. ನಾಳೆ ಹೊಸದಾಗಿ ಹೆಸರು ಸೇರಿಸುವ ಫಾರ್ಮ್ 6 ತಗೊಂಡು, ನಮ್ಮ ಬೂತಿನ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಹತ್ತಿರ ಹೋಗುತ್ತಿದ್ದೇವೆ. ದೊಡ್ಡಪ್ಪನೂ ಬರುತ್ತಾರಂತೆ.