ಹೆಲ್ಮಂಡ್ ನದಿ: 1973ರ ಒಪ್ಪಂದವಿದ್ದೂ ಇರಾನ್–ಅಫ್ಗಾನಿಸ್ತಾನದ ನೀರಿನ ವಿವಾದ ಏಕೆ ಬಗೆಹರಿದಿಲ್ಲ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪದವಿ ವಿದ್ಯಾರ್ಥಿಗಳಿಗೆ ಗಡಿ ದಾಟುವ ನದಿಗಳ ಕುರಿತು ಪಾಠ ಮಾಡುತ್ತಿದ್ದೇನೆ. ಸಿಂಧೂ ಮತ್ತು ನೈಲ್ ನದಿಗಳನ್ನು ಮುಗಿಸಿ, ಈಗ ಹಿಂದೂಕುಷ್ ಪರ್ವತಗಳಲ್ಲಿ ಹುಟ್ಟಿ ಅಫ್ಗಾನಿಸ್ತಾನದ ಉದ್ದಕ್ಕೂ ಹರಿದು, ಇರಾನಿನ ಗಡಿಯಲ್ಲಿರುವ ಹಾಮೂನ್ ಸರೋವರಗಳನ್ನು ಸೇರುವ ಹೆಲ್ಮಂಡ್ ನದಿಗೆ ಬಂದಿದ್ದೇನೆ. 1973ರಲ್ಲಿ ಎರಡೂ ದೇಶಗಳು ಸಹಿ ಹಾಕಿದ ಒಪ್ಪಂದದಲ್ಲಿ ಇರಾನಿನ ಪಾಲು ಎಷ್ಟೆಂಬುದನ್ನು ಅಂಕಿಯಲ್ಲೇ ಬರೆಯಲಾಗಿದೆ. ಹೀಗಿದ್ದೂ 2023ರ ಮೇ ತಿಂಗಳಲ್ಲಿ, ಇದೇ ನೀರಿನ ವಾಗ್ವಾದ ತೀವ್ರವಾಗಿದ್ದ ದಿನಗಳಲ್ಲಿ, ಗಡಿಯಲ್ಲಿ ಗುಂಡಿನ ಚಕಮಕಿ ನಡೆದು ಎರಡೂ ಕಡೆಯವರು ಸತ್ತರು. ದೋಷವಿರುವುದು ಒಪ್ಪಂದದಲ್ಲಿಯೇ, ಅದರ ಪಾಲನೆಯಲ್ಲಿಯೇ? ಮಕ್ಕಳು ಕೇಳಿದರೆ ಆಧಾರಸಹಿತ ಉತ್ತರ ಕೊಡಬೇಕೆಂಬುದು ನನ್ನ ಆಸೆ.

ತೂಬುಗಂಡಿ

ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು; ಆದ್ದರಿಂದ ಮೊದಲು ಲೆಕ್ಕವನ್ನೇ ನೋಡೋಣ. ಒಪ್ಪಂದದ ಪ್ರಕಾರ ಇರಾನಿಗೆ ಸೆಕೆಂಡಿಗೆ ಸರಾಸರಿ 22 ಘನ ಮೀಟರ್, ಅದರ ಮೇಲೆ ಸದ್ಭಾವನೆಯ ರೂಪದಲ್ಲಿ ಇನ್ನೂ 4 ಘನ ಮೀಟರ್, ಒಟ್ಟು 26 ಘನ ಮೀಟರ್ ನೀರು ಸಲ್ಲಬೇಕು. ನಮ್ಮ ಪತ್ರಿಕೆಗಳ ಭಾಷೆಯಲ್ಲಿ ಹೇಳುವುದಾದರೆ ಇದು ಸುಮಾರು 918 ಕ್ಯೂಸೆಕ್. ಸಾಮಾನ್ಯ ವರ್ಷವೊಂದಕ್ಕೆ 82 ಕೋಟಿ ಘನ ಮೀಟರ್, ಅಂದರೆ ಸುಮಾರು 29 ಟಿಎಂಸಿ ಆಗುತ್ತದೆ. ಸಾಮಾನ್ಯ ವರ್ಷವೆಂದರೆ ಯಾವುದು ಎಂಬುದನ್ನೂ ಒಪ್ಪಂದವೇ ಹೇಳುತ್ತದೆ: ಕಜಕಿ ಅಣೆಕಟ್ಟಿನ ಮೇಲ್ಭಾಗದಲ್ಲಿರುವ ದೇಹ್ರಾವುದ್ ಮಾಪನ ಕೇಂದ್ರದಲ್ಲಿ ಸುಮಾರು 566 ಕೋಟಿ ಘನ ಮೀಟರ್, ಅಂದರೆ 200 ಟಿಎಂಸಿಯಷ್ಟು ನೀರು ಹರಿದ ವರ್ಷ. ಹಾಗಾಗಿ ಇರಾನ್ ಕೇಳುತ್ತಿರುವುದು ನದಿಯ ಏಳನೆಯ ಒಂದು ಭಾಗ ಮಾತ್ರ.

ಬರಗಾಲದ ಬಗ್ಗೆ ಒಪ್ಪಂದ ಮೌನವಾಗಿದೆ ಎಂದು ಅನೇಕರು ಬರೆಯುತ್ತಾರೆ. ಅದು ನಿಜವಲ್ಲ. ದೇಹ್ರಾವುದ್‌ನಲ್ಲಿ ಹರಿವು ಎಷ್ಟು ಕುಸಿದಿದೆಯೋ ಅದೇ ಪ್ರಮಾಣದಲ್ಲಿ ಇರಾನಿನ ತಿಂಗಳುವಾರು ಪಾಲೂ ಇಳಿಯಬೇಕು ಎಂಬ ಷರತ್ತು ಅದರಲ್ಲಿದೆ. ಕಾವೇರಿಯ ಸಂಕಷ್ಟ ಸೂತ್ರಕ್ಕಾಗಿ ನಾವು ಎಷ್ಟು ವರ್ಷ ಗುದ್ದಾಡಿದ್ದೇವೆಂದು ನೆನೆದರೆ, ಕಾಗದದ ಮೇಲಾದರೂ ಇವರು ನಮಗಿಂತ ಮುಂದಿದ್ದರು ಎಂದೇ ನನ್ನ ಅಭಿಪ್ರಾಯ.

ತೊಡಕಿರುವುದು ಅಳತೆಯಲ್ಲಿ. ಸೂತ್ರವೆಲ್ಲ ನಿಂತಿರುವುದು ದೇಹ್ರಾವುದ್‌ನ ಮಾಪನದ ಮೇಲೆ, ಆ ಜಾಗವಾದರೋ ಪೂರ್ತಿಯಾಗಿ ಅಫ್ಗಾನಿಸ್ತಾನದ ಒಳಗಿದೆ. ನದಿಯಲ್ಲಿ ನೀರೇ ಇಲ್ಲವೆಂದು ತಾಲಿಬಾನ್ ಸರ್ಕಾರ ಹೇಳುತ್ತದೆ, ನಮ್ಮ ತಜ್ಞರು ಬಂದು ನೋಡಲಿ ಎಂದು ಇರಾನ್ ಪಟ್ಟು ಹಿಡಿಯುತ್ತದೆ. ಕಾವೇರಿಯ ನೀರನ್ನು ನಮ್ಮ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ ಅಳೆಯುವುದು ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳಿಗೆ ಸೇರದ ಕೇಂದ್ರ ಜಲ ಆಯೋಗ. ಕೋಪವಿದ್ದರೂ ಅಂಕಿಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಹೆಲ್ಮಂಡ್‌ಗೆ ಅಂಥ ಮೂರನೆಯವರಿಲ್ಲ. ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ ಇದೇ: ಪಾಲು ಹಂಚಿದವರು ಅಳೆಯುವ ಕೈಯನ್ನು ಒಂದೇ ಕಡೆಗೆ ಬಿಟ್ಟರು.

ಮರಳುಗಾಡಿನ ನಕ್ಷೆ

ತೂಬುಗಂಡಿಯವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಅಳತೆ ಸರಿಯಾದರೆ ಎಲ್ಲವೂ ಸರಿಯಾಗುತ್ತದೆ ಎಂಬುದನ್ನು ಒಪ್ಪಲಾರೆ. 2021ರ ಮಾರ್ಚ್‌ನಲ್ಲಿ ಅಂದಿನ ಅಧ್ಯಕ್ಷ ಅಶ್ರಫ್ ಘನಿ ನೀಮ್ರೋಜ್ ಪ್ರಾಂತದಲ್ಲಿ ಕಮಾಲ್ ಖಾನ್ ಅಣೆಕಟ್ಟನ್ನು ಉದ್ಘಾಟಿಸಿದರು. ಹೆಚ್ಚುವರಿ ನೀರು ಬೇಕಿದ್ದರೆ ಇರಾನ್ ತೈಲ ಕೊಡಲಿ ಎಂಬ ಧಾಟಿಯಲ್ಲಿ ಅವರು ಮಾತನಾಡಿದ್ದರು. ಕಾಬೂಲಿನಲ್ಲಿ ಆಡಳಿತ ಬದಲಾದರೂ ನೀರಿನ ವಿಷಯದಲ್ಲಿ ನಿಲುವು ಹೆಚ್ಚು ಬದಲಾಗಲಿಲ್ಲ ಎಂಬುದನ್ನು ಗಮನಿಸಬೇಕು.

ಆ ಜಾಗದ ಭೂರಚನೆಯನ್ನು ನಕ್ಷೆಯಲ್ಲಿ ಹತ್ತಿರದಿಂದ ನೋಡಿ. ಪೂರ್ವದಿಂದ ಬರುವ ನದಿ ಕಮಾಲ್ ಖಾನ್ ಬಳಿ ಉತ್ತರಕ್ಕೆ ತಿರುಗಿ ಹಾಮೂನ್ ಕಡೆಗೆ ಹರಿಯುತ್ತದೆ. ಮಹಾಪೂರ ಬಂದಾಗ ಹಾಮೂನ್ ತುಂಬಿ ತುಳುಕಿ, ಶೇಲಾ ಎಂಬ ಕಾಲುವೆಯಂಥ ಹರಿವಿನಿಂದ ಗೌದ್-ಎ-ಜಿರ್ರೆ ಎಂಬ ಉಪ್ಪುತಗ್ಗಿಗೆ ಇಳಿಯುತ್ತಿತ್ತು. ಸಮುದ್ರಕ್ಕೆ ಹೊರದಾರಿಯಿಲ್ಲದ ಸರೋವರವಾಗಿಯೂ ಹಾಮೂನ್ ಸಿಹಿನೀರಾಗಿ ಉಳಿದದ್ದು ಈ ತೊಳೆತದಿಂದಲೇ. ಈಗ ಕಮಾಲ್ ಖಾನ್‌ನಲ್ಲಿ ಹೆಚ್ಚಾದ ಪ್ರವಾಹದ ನೀರು ಹಾಮೂನನ್ನು ಮುಟ್ಟದೆ ನೇರವಾಗಿ ಆ ಉಪ್ಪುತಗ್ಗಿಗೆ ಹೋಗುವ ದಾರಿ ತೆರೆದಿದೆ. ಅಲ್ಲಿ ಸೇರಿದ ನೀರು ಯಾರ ಹೊಲಕ್ಕೂ ಆಗದೆ ಆವಿಯಾಗಿ ಹೋಗುತ್ತದೆ. ನನಗೆ ಅತ್ಯಂತ ನೋವುಂಟುಮಾಡುವ ಸಂಗತಿ ಇದು.

ಹಾಗೆಂದು ಅಫ್ಗನ್ನರನ್ನು ಮಾತ್ರ ದೂರುವುದು ನ್ಯಾಯವಲ್ಲ. 1953ರಲ್ಲಿ ಕಜಕಿ ಅಣೆಕಟ್ಟು ಮುಗಿದ ಮೇಲೆ, ದಶಕಗಳ ಯುದ್ಧದಿಂದಾಗಿ ತಮ್ಮದೇ ನದಿಯ ಮೇಲೆ ಅವರು ಹೆಚ್ಚೇನೂ ಕಟ್ಟಲಾಗಲಿಲ್ಲ. ಆ ಜಲಾಶಯದಲ್ಲೂ ಹೂಳು ತುಂಬಿದೆ. ಹೆಲ್ಮಂಡ್ ಕಣಿವೆಯ ರೈತ ಇಂದು ಸೌರ ಪಂಪ್ ಇಟ್ಟು ಕೊಳವೆಬಾವಿಯಿಂದ ಅಂತರ್ಜಲ ಎತ್ತುತ್ತಿದ್ದಾನೆ. ಅವನ ಬೆಳೆಯೂ ಒಣಗುತ್ತಿದೆ.

ಬಯಲುಸೀಮೆ ಓದುಗ

ಸರೋವರದ ದಡದ ಜನರ ಬಗ್ಗೆ ಇನ್ನೂ ಮಾತು ಬಂದಿಲ್ಲವಾದ್ದರಿಂದ ಸೇರಿಸುತ್ತಿದ್ದೇನೆ. ಇರಾನಿನ ಸಿಸ್ತಾನದಲ್ಲಿ ಬೇಸಿಗೆಯುದ್ದಕ್ಕೂ ಬೀಸುವ ಗಾಳಿಗೆ ನೂರಿಪ್ಪತ್ತು ದಿನಗಳ ಗಾಳಿ ಎಂದೇ ಹೆಸರು. ಹಾಮೂನ್ ತುಂಬಿದ್ದಾಗ ಅದೇ ಗಾಳಿ ನೀರಿನ ಮೇಲೆ ಹಾದು ತಂಪಾಗಿ ಊರಿಗೆ ಬರುತ್ತಿತ್ತು. ಜನ ಜೊಂಡಿನಿಂದ ಹೆಣೆದ ತೂತನ್ ಎಂಬ ದೋಣಿಗಳಲ್ಲಿ ಮೀನು ಹಿಡಿಯುತ್ತಿದ್ದರು, ದನಗಳು ಅದೇ ಜೊಂಡನ್ನು ಮೇಯುತ್ತಿದ್ದವು. 1990ರ ದಶಕದ ಕೊನೆಯಿಂದ ಬಂದ ದೀರ್ಘ ಬರದಲ್ಲಿ ತಳ ಬಿರಿದ ಮೇಲೆ ಅದೇ ಗಾಳಿ ಆ ತಳದ ಮಣ್ಣನ್ನು ಎತ್ತಿ ಮನೆಗಳ ಮೇಲೆ ಸುರಿಯತೊಡಗಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಅಂಕಿಗಳ ಪ್ರಕಾರ, ಸೂಕ್ಷ್ಮ ಧೂಳಿನಿಂದ ಜಗತ್ತಿನಲ್ಲೇ ಅತಿ ಹೆಚ್ಚು ಮಲಿನವಾದ ಗಾಳಿಯಿದ್ದ ನಗರ ಇಲ್ಲಿನ ಝಾಬೋಲ್. ದೊಡ್ಡ ಕಾರ್ಖಾನೆಗಳ ಊರಲ್ಲ ಅದು.

ಇರಾನಿನ ತಪ್ಪನ್ನೂ ಹೇಳಲೇಬೇಕು. ಗಡಿ ದಾಟಿ ಬಂದ ನೀರನ್ನು ಅದು ಮೊದಲು ಚಾಹ್ ನೀಮೆ ಜಲಾಶಯಗಳಿಗೆ ತಿರುಗಿಸಿ ಕುಡಿಯಲು ಮತ್ತು ವ್ಯವಸಾಯಕ್ಕೆ ಬಳಸುತ್ತದೆ. ಸರೋವರಕ್ಕೆ ಸಿಗುವುದು ಉಳಿದರೆ ಮಾತ್ರ. 1973ರ ಒಪ್ಪಂದದಲ್ಲಿಯೂ ಹಾಮೂನ್‌ಗೆಂದು ಪ್ರತ್ಯೇಕ ಪಾಲಿಲ್ಲ. ಆದ್ದರಿಂದ 29 ಟಿಎಂಸಿಯೂ ನಿಯತ್ತಾಗಿ ಬಂದರೂ ಸರೋವರ ತುಂಬುತ್ತದೆಂಬ ಭರವಸೆಯಿಲ್ಲ. ಒಪ್ಪಂದದಲ್ಲಿ ದೋಷವಿದೆಯೇ ಎಂಬ ಪ್ರಶ್ನೆಗೆ ಹೌದು ಎಂದು ನಾನು ಹೇಳುವುದು ಈ ಕಾರಣಕ್ಕೆ.

ತುಂಗಾತೀರ

ಮೂವರಿಗೂ ಧನ್ಯವಾದಗಳು. ಒಂದು ಉಪಪ್ರಶ್ನೆ: ಭಾರತ ಕಟ್ಟಿಕೊಟ್ಟ ಸಲ್ಮಾ ಅಣೆಕಟ್ಟು ಇದೇ ನದಿಯ ಮೇಲಿದೆಯೇ?

ತೂಬುಗಂಡಿ

ಇಲ್ಲ ಮೇಡಂ. 2016ರಲ್ಲಿ ಉದ್ಘಾಟನೆಯಾದ ಸಲ್ಮಾ ಇರುವುದು ಹೆರಾತ್ ಪ್ರಾಂತದ ಹರೀರೂದ್ ನದಿಯ ಮೇಲೆ. ಅದರ ಕೆಳಭಾಗದಲ್ಲಿ ಇರಾನ್ ಮತ್ತು ತುರ್ಕ್‌ಮೆನಿಸ್ತಾನ ಕೂಡಿ ಕಟ್ಟಿದ ದೋಸ್ತಿ ಅಣೆಕಟ್ಟಿದ್ದು, ಮಶ್ಹದ್ ನಗರಕ್ಕೆ ಅಲ್ಲಿಂದ ಕುಡಿಯುವ ನೀರು ಹೋಗುತ್ತದೆ. ಹರೀರೂದ್ ಬಗ್ಗೆ ಅಫ್ಗಾನಿಸ್ತಾನದೊಂದಿಗೆ ನೀರು ಹಂಚಿಕೆಯ ಒಪ್ಪಂದವೇ ಇಲ್ಲ. ತರಗತಿಯಲ್ಲಿ ಎರಡೂ ನದಿಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿ. ದೇಹ್ರಾವುದ್‌ನಲ್ಲಿ ಹರಿವು ವರ್ಷವಿಡೀ ಅರ್ಧಕ್ಕೆ ಇಳಿದರೆ ಇರಾನಿಗೆ ಎಷ್ಟು ಸಲ್ಲಬೇಕೆಂದು ಮಕ್ಕಳಿಂದಲೇ ಲೆಕ್ಕ ಮಾಡಿಸಿ. ಸುಮಾರು ಹದಿನಾಲ್ಕೂವರೆ ಟಿಎಂಸಿ ಬರಬೇಕು. ಹರೀರೂದ್‌ಗೆ ಅದೇ ಲೆಕ್ಕ ಮಾಡಲು ಹೊರಟರೆ ಅವರಿಗೆ ಹಿಡಿಯಲು ಒಂದು ಅಂಕಿಯೂ ಸಿಗುವುದಿಲ್ಲ.